ಕಾಣದ ಊರನ್ನು ಬೈಹಾರ್ಟ್ ಮಾಡಿಸಿದ ಮಳೆಗಾಲ

ಹೋದ ತಿಂಗಳು ನನ್ನ ತಂಗಿಯ ಮೊಮ್ಮಗಳು ಅದಿತಿ ನನ್ನನ್ನು ಇಂದಿರಾನಗರದ ಒಂದು ಕೆಫೆಗೆ ಕರೆದುಕೊಂಡು ಹೋದಳು. ನನಗೆ ಎಪ್ಪತ್ತೆರಡು ತುಂಬಿದ ದಿನ. ನೂರಡಿ ರಸ್ತೆಯಿಂದ ಒಳಕ್ಕೆ ತಿರುಗಿದರೆ ಒಂದು ಹಳೆಯ ಬಂಗಲೆ, ಅದರ ಮಹಡಿಯ ಮೇಲೆ ಕೆಫೆ. ಮೆಟ್ಟಿಲು ಹತ್ತುವಾಗ ಎಲ್ಲೋ ನೋಡಿದ ಜಾಗ ಅನ್ನಿಸಿತು. ಆದರೆ ಇಂದಿರಾನಗರದಲ್ಲಿ ಈಗ ಎಲ್ಲ ಮನೆಗಳೂ ಎಲ್ಲೋ ನೋಡಿದ ಹಾಗೇ ಇವೆ. ಅದಿತಿ ಪ್ಯಾನ್‌ಕೇಕ್ ತರಿಸಿದಳು. ವೇಟರ್ ಚಿಕ್ಕ ಜಗ್ಗಿನಿಂದ ಅದರ ಮೇಲೆ ಕಂದು ಬಣ್ಣದ ಪಾಕ ಸುರಿದ. ವಾಸನೆ ಮೂಗಿಗೆ ಬಂತು. ಮೆಂತ್ಯ. ಹುರಿದ ಮೆಂತ್ಯವನ್ನು ಬೆಲ್ಲದ ಪಾಕಕ್ಕೆ ಹಾಕಿದ ಹಾಗೆ.

"ಇದೇನೇ ಇದು?"

"ಮೇಪಲ್ ಸಿರಪ್ ಅಜ್ಜಿ. ಕೆನಡಾದ್ದು."

ನನ್ನ ಕೈಯ ಫೋರ್ಕ್ ಅಲ್ಲೇ ನಿಂತಿತು. ಮೂರು ವರ್ಷದ ಹಿಂದೆ, ಇಡೀ ಒಂದು ಮಳೆಗಾಲ, ಮೂರು ಜನ ಹೆಂಗಸರಿಗೆ ನಾನು ಪಾಠ ಹೇಳಿದ್ದೆ: ಮೇಪಲ್ ಸಿರಪ್ ಅಂದರೆ ಜೇನುತುಪ್ಪದ ಹಾಗೆ, ಹೂವಿನ ಪರಿಮಳ ಇರುತ್ತದೆ ಅಂತ. ಮೂಸಿದವಳಲ್ಲ, ರುಚಿ ನೋಡಿದವಳಲ್ಲ. ಯಾವ ಧೈರ್ಯದಲ್ಲಿ ಹೇಳಿದ್ದೆನೋ. ತಲೆ ಎತ್ತಿ ಸುತ್ತ ನೋಡಿದೆ. ಹಸಿರು ಮೊಸಾಯಿಕ್ ನೆಲ, ಕಿಟಕಿಗೆ ಹಂಸದ ಆಕಾರದ ಕಬ್ಬಿಣದ ಗ್ರಿಲ್. ಕಾಫಿ ಮಷೀನ್ ಇಟ್ಟಿದ್ದ ಗೋಡೆಯಲ್ಲಿ ಆಗ ನನ್ನ ವೈಟ್‌ಬೋರ್ಡ್ ಇತ್ತು. ಪಾಠ ಹೇಳಿದ್ದು ಇದೇ ರೂಮಿನಲ್ಲಿ.

ಅದಿತಿ ಏನೇನೋ ಮಾತಾಡುತ್ತಿದ್ದಳು. ನನಗೆ ಒಂದೂ ಕೇಳಿಸಲಿಲ್ಲ.

ಕೋವಿಡ್ ಕಳೆದ ಮರುವರ್ಷದ ಮಾತು. ಫ್ರೇಜರ್ ಟೌನಿನ ಒಂದು ಗರ್ಲ್ಸ್ ಸ್ಕೂಲಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಜಿಯಾಗ್ರಫಿ ಮತ್ತು ಇಂಗ್ಲಿಷ್ ಕಲಿಸಿ ರಿಟೈರ್ ಆಗಿದ್ದೆ. ಮದುವೆಯಾದವಳಲ್ಲ. ಮಾಸ್ಕ್ ರೋಡಿನ ಹಿಂದಿನ ಗಲ್ಲಿಯಲ್ಲಿ ಕೆಳಮನೆ, ಎದುರಿಗೆ ಒಂದು ಬೇಕರಿ, ಬೆಳಗ್ಗೆ ಮಸೀದಿಯ ಬಾಂಗು, ಭಾನುವಾರ ಚರ್ಚಿನ ಗಂಟೆ, ಅಷ್ಟೇ ನನ್ನ ಟೈಮ್‌ಟೇಬಲ್. ಒಂದು ದಿನ ನವೀನ ಬಂದ. ನನ್ನ ಹಳೆಯ ಸ್ಟೂಡೆಂಟ್ ಒಬ್ಬಳ ತಮ್ಮ. ಟೈ ಕಟ್ಟಿಕೊಂಡು, ಒದ್ದೆ ಶೂಗಳನ್ನು ಬಾಗಿಲಲ್ಲೇ ಬಿಟ್ಟು, ಸೋಫಾದ ತುದಿಯಲ್ಲಿ ಕೂತ.

"ಮಿಸ್, ನಾನೊಂದು ಏಜೆನ್ಸಿ ಇಟ್ಟಿದೀನಿ ಇಂದಿರಾನಗರದಲ್ಲಿ. ಕೆನಡಾಗೆ ಕೇರ್‌ಟೇಕರ್ಸ್ ಕಳ್ಸೋದು. ಅಲ್ಲಿ ಓಲ್ಡ್ ಏಜ್ ಹೋಮಲ್ಲಿ ಕೆಲ್ಸ. ಹುಡ್ಗೀರು ಕೆಲ್ಸದಲ್ಲಿ ಫಸ್ಟ್ ಕ್ಲಾಸ್ ಮಿಸ್, ಬಾಯಿ ಬಿಟ್ರೆ ಮಾತ್ರ ಮುಗೀತು. ನೀವು ಬಂದು ಸ್ವಲ್ಪ ಇಂಗ್ಲಿಷ್, ಸ್ವಲ್ಪ ಆ ಊರಿನ ವಿಷ್ಯ ಹೇಳ್ಕೊಟ್ರೆ ಸಾಕು."

"ಆ ಊರಿನ ವಿಷಯ ನನಗೇನು ಗೊತ್ತಪ್ಪ?"

"ನೀವು ಜಿಯಾಗ್ರಫಿ ಅಲ್ವಾ ಮಿಸ್."

ಆ ಮಾತಿಗೆ ನಾನು ಬಿದ್ದೆ. ಎಂಟು ವರ್ಷದಿಂದ ಯಾರೂ ನನ್ನನ್ನು ಜಿಯಾಗ್ರಫಿ ಅಂದಿರಲಿಲ್ಲ.

ಆ ಊರಿನ ಹೆಸರು ಬರೆಯುವುದಿಲ್ಲ. ಟೊರೊಂಟೊದ ಪಕ್ಕ, ಟ್ರೈನಿನಲ್ಲಿ ಮುಕ್ಕಾಲು ಗಂಟೆ. ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಒಂದು ಕಾಲಕ್ಕೆ ಸೇಬಿನ ತೋಟ, ಈರುಳ್ಳಿ ಹೊಲ. ಹೊಲಗಳು ಹೋಗಿ ಅವುಗಳ ಹೆಸರು ಮಾತ್ರ ರಸ್ತೆಗಳಿಗೆ ಉಳಿದಿದೆ. ಇದು ನನಗೆ ಹೊಸದೇನಲ್ಲ, ನಮ್ಮ ಇಂದಿರಾನಗರ, ಕಮ್ಮನಹಳ್ಳಿಗಳ ಕಥೆಯೂ ಅದೇ. ಒಂದು ದೊಡ್ಡ ಮಾಲ್, ಒಂದು ಲೈಬ್ರರಿ, ಐಸ್ ಮೇಲೆ ಜಾರಿ ಆಡುವ ಒಂದು ಹಾಲ್. ನಡುವೆ ಊರನ್ನು ಎರಡು ಹೋಳು ಮಾಡಿದ ಹೈವೇ. ಮನೆಗೆ ಮೂರು ಬಣ್ಣದ ಕಸದ ಡಬ್ಬಿ. ಹಿಮ ಬಿದ್ದರೆ ಮನೆ ಮುಂದಿನ ಫುಟ್‌ಪಾತನ್ನು ಆ ಮನೆಯವರೇ ಬಳಿದು ತೆಗೆಯಬೇಕು. ಇಷ್ಟನ್ನೆಲ್ಲ ನಾನು ಲಾಂಗ್ ನೋಟ್‌ಬುಕ್ಕಿನಲ್ಲಿ, ನೀಲಿ ಇಂಕಿನಲ್ಲಿ, ಹೆಡ್ಡಿಂಗ್ ಕೆಳಗೆ ಗೆರೆ ಎಳೆದು ಬರೆದುಕೊಂಡೆ. ಕ್ಲೈಮೇಟ್. ಟ್ರಾನ್ಸ್‌ಪೋರ್ಟ್. ಪೀಪಲ್.

ಪೀಪಲ್ ಹತ್ತಿರ ಪೆನ್ನು ನಿಂತಿತು. ಯಾಕೆಂದರೆ ನವೀನ ಕಂಪ್ಯೂಟರಿನಲ್ಲಿ ಆ ಊರಿನ ಬೀದಿಗಳನ್ನು ತೋರಿಸಿದ್ದ. ಬಾಣದ ಗುರುತು ಒತ್ತಿದರೆ ರಸ್ತೆಯಲ್ಲಿ ನಾವೇ ನಡೆದು ಹೋದ ಹಾಗೆ ಚಿತ್ರಗಳು ಬರುತ್ತವೆ. ಒಂದು ಮಧ್ಯಾಹ್ನ ಪೂರ್ತಿ ನಾನು ನಡೆದೆ. ಒಂದೇ ಥರದ ಮನೆಗಳು, ಮನೆಯ ಮುಖವೇ ಗ್ಯಾರೇಜು, ಕತ್ತರಿಸಿದ ಹುಲ್ಲು, ಮೇಲೆ ವಿಪರೀತ ದೊಡ್ಡ ಆಕಾಶ. ನಡೆದೆ, ತಿರುಗಿದೆ, ಮತ್ತೆ ನಡೆದೆ. ಒಬ್ಬ ಮನುಷ್ಯನೂ ಇಲ್ಲ. ಹಾಡಹಗಲು, ಒಳ್ಳೆಯ ಬಿಸಿಲು, ಬೀದಿಯಲ್ಲಿ ಒಂದು ನಾಯಿಯೂ ಇಲ್ಲ. ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಕೊಡೆ ಬಿಚ್ಚಲು ಜಾಗವಿಲ್ಲದೆ ಬೆಳೆದವಳು ನಾನು.

ಮಾರನೆಯ ದಿನ ಕ್ಲಾಸಿನಲ್ಲಿ ಅದೇ ಚಿತ್ರಗಳನ್ನು ತೋರಿಸಿದೆ. ಕಲಿಯಲು ಬಂದವರು ಮೂವರು. ಕೆ.ಆರ್. ಪುರಂ ಆಚೆಯ ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದ ಶೋಭಾ, ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದಳು. ಶಿವಾಜಿನಗರದ ರೆಹಾನಾ ಮನೆ ಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವಳು. ಮೂರನೆಯವಳು ಮಹಾದೇವಿ. ಯಾದಗಿರಿ ಕಡೆಯವಳು, ಮೂವತ್ತನಾಲ್ಕು ವರ್ಷ, ಗಂಡ ಇಲ್ಲ, ಮಕ್ಕಳಿಲ್ಲ. ಕಮ್ಮನಹಳ್ಳಿಯಲ್ಲಿ ಒಂದು ಬಾಡಿಗೆ ರೂಮು, ಅದರ ಹತ್ತಿರವೇ ಒಂದು ವೃದ್ಧಾಶ್ರಮದಲ್ಲಿ ಹನ್ನೆರಡು ವರ್ಷದಿಂದ ಮುದುಕರನ್ನು ಎಬ್ಬಿಸಿ, ಮೈ ತೊಳೆದು, ಮಲಗಿಸುವ ಕೆಲಸ.

ಮೂವರೂ ಕಂಪ್ಯೂಟರಿಗೆ ಮುಖ ಹಚ್ಚಿ ಕೂತರು. ಮೊದಲು ಮಾತಾಡಿದವಳು ಮಹಾದೇವಿ.

"ಅಲ್ರಿ ಮಿಸ್, ಇದು ಊರು ಹೌದೋ ಅಲ್ಲೋ? ಒಬ್ರೂ ಕಾಣವಲ್ರು. ನಮ್ಮ ಕಡಿ ಊರಿಗೆ ಜಡ್ಡು ಬಂದ್ರ ಒಂದಿನ ಎಲ್ಲಾರೂ ಮನಿ ಬಿಟ್ಟು ಹೊಲದಾಗ ಹೋಗಿ ಇರ್ತಾರ. ಹಂಗೇನರ ಆಗೇದೇನ್ರಿ?"

"ಎಲ್ರೂ ಕಾರ್ ಒಳಗಡೆ ಇದಾರೆ ಕಣೇ," ಅಂದಳು ರೆಹಾನಾ. "ಊರು ಕಾರಲ್ಲೇ ಇರೋದು."

ಶೋಭಾಗೆ ಬೇರೆ ಚಿಂತೆ. "ಹಂಗಾದ್ರೆ ಜಗಳ ಆಡೋಕೂ ಯಾರೂ ಸಿಗಲ್ವಾ ಮಿಸ್?"

"ಸಂಜಿ ಮುಂದ ಮುದುಕ್ರು ಎಲ್ಲಿ ಕುಂದರ್ತಾರ್ರಿ?" ಮಹಾದೇವಿ ಬಿಡಲಿಲ್ಲ. "ಕಟ್ಟಿ ಇಲ್ಲ, ಗುಡಿ ಇಲ್ಲ. ಮಳಿ ನೋಡಾಕ ಒಂದು ಪಡಸಾಲಿನೂ ಇಲ್ಲ."

ನನಗೂ ಅದೇ ಪ್ರಶ್ನೆ ಇತ್ತು. ಆದರೆ ನಾನು ಟೀಚರ್. "ನಿಮ್ಮ ಕೆಲಸ ಪ್ರಶ್ನೆ ಕೇಳೋದಲ್ಲ, ಉತ್ತರ ಹೇಳೋದು," ಅಂದೆ.

ವಿಷಯ ಇಷ್ಟೇ. ಆ ಊರಿನ ಒಂದು ಓಲ್ಡ್ ಏಜ್ ಹೋಮಿನ ಮುಖ್ಯಸ್ಥೆ ಸೆಪ್ಟೆಂಬರಿನಲ್ಲಿ ವಿಡಿಯೋ ಕಾಲ್ ಮೂಲಕ ಇವರನ್ನು ಇಂಟರ್‌ವ್ಯೂ ಮಾಡುವವರಿದ್ದರು. ಕೆಲಸದ ಬಗ್ಗೆ ನವೀನ ಆಗಲೇ ಟ್ರೈನಿಂಗ್ ಕೊಟ್ಟಿದ್ದ, ವಿಡಿಯೋ ತೋರಿಸಿದ್ದ. ನನ್ನ ಪಾಲಿಗೆ ಬಂದದ್ದು ಒಂದೇ ಪ್ರಶ್ನೆ. ನಮ್ಮ ಊರಿಗೇ ಯಾಕೆ ಬರಬೇಕು ಅಂತ ಇದ್ದೀರಿ?

ಕಾನ್ವೆಂಟಿನಲ್ಲಿ ಸಿಸ್ಟರ್ಸ್ ನಮಗೆ ಕಲಿಸಿದ್ದು ಒಂದೇ ದಾರಿ. ಒಳ್ಳೆಯ ಪ್ಯಾರಾಗ್ರಾಫ್ ಬರೆ, ಬೈಹಾರ್ಟ್ ಮಾಡು, ಬೆನ್ನ ಹಿಂದೆ ಕೈ ಕಟ್ಟಿ, ಕೊನೆಯ ಬೆಂಚಿಗೆ ಕೇಳುವ ಹಾಗೆ ಹೇಳು. ಹಿಮವನ್ನೇ ಕಾಣದ ನಾವು ಹಿಮದ ಬಗ್ಗೆ ಪುಟಗಟ್ಟಲೆ ಹೇಳಿ ಪ್ರೈಜ್ ತೆಗೆದುಕೊಂಡವರು. ನಾನು ಅದೇ ರೀತಿ ನನ್ನ ಹುಡುಗಿಯರಿಗೆ ಕಲಿಸಿದೆ, ಅವರು ಪಾಸಾದರು, ಡಾಕ್ಟರುಗಳಾದರು. ಇನ್ನೊಂದು ದಾರಿ ಇದೆ ಅಂತ ನನಗೆ ಹೊಳೆಯಲೇ ಇಲ್ಲ.

ಆ ಪ್ಯಾರಾಗ್ರಾಫನ್ನು ನಾನು ಮೂರು ದಿನ ಬರೆದೆ. ಈಗಲೂ ಬಾಯಲ್ಲಿದೆ. ಯುವರ್ ಗ್ರೇಶಿಯಸ್ ಸಿಟಿ ಅಂತ ಶುರು. ನಿಮ್ಮ ಘನವಾದ ಈ ನಗರದಲ್ಲಿ ಶರತ್ಕಾಲ ಬಂದರೆ ಮೇಪಲ್ ಎಲೆಗಳು ಬೀದಿಗಳಿಗೆ ಕೆಂಪು ರತ್ನಗಂಬಳಿ ಹಾಸುತ್ತವೆ. ಆ ಎಲೆಗಳ ಮೇಲೆ ವೃದ್ಧರ ಕೈ ಹಿಡಿದು ನಡೆಯುವುದು ನನ್ನ ಬಾಳಿನ ಆಸೆ. ಹೀಗೆ ಹತ್ತು ವಾಕ್ಯ. ಓದಿ ನವೀನ ಕೈಮುಗಿದ. "ಮಿಸ್, ನಂಗೇ ಹೋಗ್ಬಿಡೋಣ ಅನ್ನಿಸ್ತಿದೆ."

ಜುಲೈ, ಆಗಸ್ಟ್ ಪೂರ್ತಿ ಮಳೆ. ಮೂವರೂ ಡ್ಯೂಟಿ ಮುಗಿಸಿ ಸಂಜೆ ಬರುವಾಗ ಸೀರೆ, ಚೂಡಿದಾರದ ಅಂಚು ಮೊಳಕಾಲಿನವರೆಗೆ ಒದ್ದೆ. ಬಾಗಿಲ ಹತ್ತಿರ ಒಂದು ಬಕೆಟ್, ಅದರಲ್ಲಿ ನಾಲ್ಕು ಕೊಡೆ. ಶೋಭಾ ಡಬ್ಬಿಯಲ್ಲಿ ಬೇಯಿಸಿದ ಕಡಲೇಕಾಯಿ ತರುವಳು. ರೆಹಾನಾ ಒಂದೊಂದು ವಾಕ್ಯ ತಪ್ಪಿದಾಗಲೂ ತಲೆಗೆ ಹೊಡೆದುಕೊಂಡು "ಹಾಯ್ ಅಲ್ಲಾ, ಈ ಎಲೆಗಳು ಬಿದ್ದು ಸಾಯ್ಲಿ" ಅನ್ನುವಳು. ಕಿಟಕಿಯಾಚೆ ಪಬ್ಬಿನ ಹಾಡು ದಮ್ ದಮ್ ಅನ್ನುತ್ತಿದ್ದರೆ ಒಳಗೆ ಮೂರು ದನಿಗಳು ಒಟ್ಟಿಗೆ: ಯುವರ್ ಗ್ರೇಶಿಯಸ್ ಸಿಟಿ. ಆ ಎರಡು ತಿಂಗಳು ನಾನು ಎಷ್ಟು ಸುಖವಾಗಿದ್ದೆ ಅಂತ ನೆನೆದರೆ ಈಗ ನಾಚಿಕೆಯಾಗುತ್ತದೆ.

ನನ್ನ ನಾಚಿಕೆಗೆ ಇನ್ನೊಂದು ಕಾರಣವಿದೆ, ಅದನ್ನೂ ಹೇಳಬೇಕು. ಮೂವರಲ್ಲಿ ಮಹಾದೇವಿಯೇ ನನ್ನ ಫೇವರಿಟ್. ಒಂದು ಸಲ ಹೇಳಿಕೊಟ್ಟರೆ ಹಿಡಿಯುವಳು. ಇಂಟರ್‌ವ್ಯೂಗೆ ಒಂಬತ್ತು ದಿನ ಇರುವಾಗ ಒಂದು ಭಾನುವಾರ ಅವಳೊಬ್ಬಳನ್ನೇ ಮನೆಗೆ ಕರೆದೆ. ಬೇಕರಿಯಿಂದ ಬನ್ನು ತಂದಿಟ್ಟು, ಚಹಾ ಕೊಟ್ಟು, ಬೇರೆಯದೇ ಒಂದು ಪ್ಯಾರಾಗ್ರಾಫ್ ಅವಳ ಮುಂದೆ ಇಟ್ಟೆ. ಅಜ್ಜಿಯ ಮಡಿಲಲ್ಲಿ ಬೆಳೆದವಳು ನಾನು, ವೃದ್ಧರ ಮೌನವನ್ನೂ ಓದಬಲ್ಲೆ ಅಂತ ಶುರುವಾಗುವಂಥದ್ದು.

ಅವಳು ನಿಧಾನ ಓದಿದಳು. "ನಮ್ಮಜ್ಜಿನ್ನ ನಾ ನೋಡೇ ಇಲ್ರಿ ಮಿಸ್."

"ಪರವಾಗಿಲ್ಲ. ಅಲ್ಲಿಯವರಿಗೇನು ಗೊತ್ತಾಗುತ್ತೆ."

"ಮತ್ತ ಅವರಿಬ್ರಿಗೆ?"

"ಅವರಿಗೆ ಹಳೇದೇ ಇರಲಿ. ಇದನ್ನ ಅವರಿಗೆ ಹೇಳಬೇಡ."

"ಯಾಕ್ರಿ?"

"ಒಬ್ಬರಾದರೂ ಫಸ್ಟ್ ಬರಬೇಕಲ್ಲ," ಅಂದೆ. ಪ್ರತಿವರ್ಷ ಒಂದು ಹುಡುಗಿಯನ್ನು ಪ್ರೈಜಿಗೆ ಅಂತ ಬೇರೆ ತೆಗೆದಿಡುವುದು ನಮ್ಮ ಸ್ಟಾಫ್ ರೂಮಿನ ರೂಢಿ. ಅದರಲ್ಲಿ ತಪ್ಪೇನಾದರೂ ಇದೆ ಅಂತ ಯಾರೂ ನನಗೆ ಹೇಳಿರಲಿಲ್ಲ. ಮಹಾದೇವಿ ಬನ್ನಿನ ಅರ್ಧ ತಿಂದು, ಉಳಿದರ್ಧವನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಎರಡೇ ದಿನದಲ್ಲಿ ಅದನ್ನೂ ಬಾಯಿಪಾಠ ಒಪ್ಪಿಸಿದಳು.

ಇಂಟರ್‌ವ್ಯೂ ಒಂದು ಮಂಗಳವಾರ ಸಂಜೆ ಆರೂವರೆಗೆ. ಅಲ್ಲಿ ಆಗ ಬೆಳಗ್ಗೆ. ನಾನು ಕ್ಯಾಮೆರಾಗೆ ಕಾಣಬಾರದು ಅಂತ ನವೀನ ನನ್ನನ್ನು ಪ್ಲೈವುಡ್ ಪಾರ್ಟಿಷನ್ ಹಿಂದೆ ಒಂದು ಕುರ್ಚಿಯಲ್ಲಿ ಕೂರಿಸಿದ. ಸಂದಿಯಲ್ಲಿ ಸ್ಕ್ರೀನಿನ ಅರ್ಧ ಕಾಣುತ್ತಿತ್ತು. ಬಿಳಿ ಕೂದಲು, ಕಾಫಿ ಬಣ್ಣದ ಸ್ವೆಟರ್, ಕೈಯಲ್ಲಿ ಮಗ್ ಹಿಡಿದ ಒಬ್ಬ ಹೆಂಗಸು. ನನ್ನದೇ ವಯಸ್ಸಿರಬೇಕು.

ಮೊದಲು ಶೋಭಾ. ಕೆಲಸದ ಪ್ರಶ್ನೆಗಳೆಲ್ಲ ಮುಗಿದು ಆ ಪ್ರಶ್ನೆ ಬಂತು. ಶೋಭಾ ಉಸಿರು ತೆಗೆದುಕೊಂಡು ಹತ್ತೂ ವಾಕ್ಯ ಹೇಳಿದಳು, ಒಂದು ಕಡೆಯೂ ಎಡವಲಿಲ್ಲ. ಆ ಹೆಂಗಸು ನಕ್ಕರು. ಲವ್ಲಿ ಅಂದರು. ಪಾರ್ಟಿಷನ್ ಹಿಂದೆ ನನಗೆ ಕಣ್ಣು ತುಂಬಿ ಬಂತು.

ಆಮೇಲೆ ರೆಹಾನಾ. ಕೆಲಸದ ವಿಷಯದಲ್ಲಿ ಶೋಭಾಗಿಂತ ಚೆನ್ನಾಗಿ ಉತ್ತರ ಕೊಟ್ಟಳು. ಆ ಪ್ರಶ್ನೆ ಬಂತು. ಯುವರ್ ಗ್ರೇಶಿಯಸ್ ಸಿಟಿ, ಅಂದಳು ರೆಹಾನಾ. ಸ್ಕ್ರೀನಿನಲ್ಲಿ ಮಗ್ ಕೆಳಗಿಳಿಯಿತು. ರತ್ನಗಂಬಳಿ ಬರುವ ಹೊತ್ತಿಗೆ ಆ ಮುಖದಲ್ಲಿ ನಗು ಇರಲಿಲ್ಲ. ರೆಹಾನಾ ಪಾಪ, ನಿಲ್ಲಿಸಲು ಗೊತ್ತಾಗದೆ ಕೊನೆಯ ವಾಕ್ಯದವರೆಗೂ ಹೋದಳು.

ಆಗ ನನಗೆ ಕಂಡಿತು. ಎರಡು ತಿಂಗಳಲ್ಲಿ ಒಂದು ಸಲವೂ ಕಾಣದ್ದು. ಕ್ಲಾಸಿನಲ್ಲಿ ಎಲ್ಲರೂ ಒಂದೇ ಉತ್ತರ ಬರೆದರೆ ಎಲ್ಲರಿಗೂ ಮಾರ್ಕ್ಸ್. ಆದರೆ ಎದುರು ಕೂತು ಮಾತು ಕೇಳುವ ಹೆಂಗಸಿಗೆ ಇಬ್ಬರು ಅಪರಿಚಿತರು ಅದೇ ಮಾತನ್ನು ಅಕ್ಷರ ಬಿಡದೆ ಹೇಳಿದರೆ ಹೇಗನ್ನಿಸಬೇಡ?

ನವೀನ ಓಡಿ ಬಂದು ಕ್ಯಾಮೆರಾದ ಮುಂದೆ ಬಗ್ಗಿದ. ಕ್ಷಮಿಸಿ ಮೇಡಂ, ಈಕೆ ಮೊದಲನೆಯವಳಿಂದ ಕಾಪಿ ಹೊಡೆದಿದ್ದಾಳೆ, ಈಕೆಯನ್ನು ಲಿಸ್ಟಿನಿಂದ ತೆಗೆಯುತ್ತೇನೆ, ಅಂತ ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿಬಿಟ್ಟ. ಅವನಿಗೆ ಸತ್ಯ ಗೊತ್ತಿತ್ತು. ನನಗೂ ಗೊತ್ತಿತ್ತು. ರೆಹಾನಾ ಬಾಯಿ ತೆರೆದು ಅವನನ್ನು ನೋಡಿದಳು, ಆಮೇಲೆ ಪಾರ್ಟಿಷನ್ ಕಡೆ, ನನ್ನ ಕಡೆ ನೋಡಿದಳು.

ನಾನು ಏಳಲಿಲ್ಲ. ಇದನ್ನು ಬರೆಯುವಾಗಲೂ ನಂಬಲಿಕ್ಕಾಗುವುದಿಲ್ಲ. ಮೂವತ್ತು ವರ್ಷ ಮಾರಲ್ ಸೈನ್ಸ್ ಪೀರಿಯಡ್ ಕೂಡ ತೆಗೆದುಕೊಂಡವಳು ನಾನು. ಎದ್ದು ಎರಡು ಹೆಜ್ಜೆ ಇಟ್ಟರೆ ಸಾಕಿತ್ತು. ನಾನು ಯೋಚಿಸಿದ್ದು ಒಂದೇ: ಸದ್ಯ, ಮಹಾದೇವಿಯ ಹತ್ತಿರ ಬೇರೆ ಉತ್ತರ ಇದೆ.

ರೆಹಾನಾ ಹೊರಗೆ ಹೋದಳು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಮಹಾದೇವಿ ಬಂದು ಕೂತಳು. ಮೊದಲೇ ಆ ಪ್ರಶ್ನೆ ಕೇಳಿದರು, ದನಿ ಗಡುಸಾಗಿತ್ತು. ಮಹಾದೇವಿ ಎದ್ದು ನಿಂತು ಕೈ ಬೆನ್ನ ಹಿಂದೆ ಕಟ್ಟಿದಳು. ನಾನು ಮನಸ್ಸಿನಲ್ಲಿ ಅಜ್ಜಿಯ ಮಡಿಲು ಅಂತ ಅವಳಿಗೆ ಹೇಳಿಕೊಡುತ್ತಾ ಇದ್ದೆ.

"ಯುವರ್ ಗ್ರೇಶಿಯಸ್ ಸಿಟಿ," ಅಂದಳು ಮಹಾದೇವಿ.

ಹತ್ತೂ ವಾಕ್ಯ. ನಿಧಾನವಾಗಿ, ಸ್ಪಷ್ಟವಾಗಿ. ಮುಗಿಸಿ, ತನ್ನದೇ ಮುರುಕು ಇಂಗ್ಲಿಷಿನಲ್ಲಿ ಸೇರಿಸಿದಳು: ನೋ ಕಾಪಿ ಮೇಡಂ. ಟೀಚರ್ ಟೀಚ್. ಆಲ್ ತ್ರೀ ಸೇಮ್.

ಆಮೇಲೆ ಆ ಹೆಂಗಸು, ಟೀಚರ್ ಅಲ್ಲಿದ್ದಾರೆಯೇ ಅಂತ ಕೇಳಿದರು. ನಾನು ಈಗ ಎದ್ದೆ. ಮಹಾದೇವಿ ಸರಿದು ಕುರ್ಚಿ ಕೊಟ್ಟಳು.

ಅವರು ಹೇಳಿದ್ದನ್ನು ನೆನಪಿರುವ ಹಾಗೆ ಬರೆಯುತ್ತೇನೆ. ನೀವು ನಮ್ಮ ಊರನ್ನು ನೋಡಿದ್ದೀರಾ? ಇಲ್ಲ ಅಂದೆ. ನಾನು ನಲವತ್ತು ವರ್ಷದಿಂದ ಇಲ್ಲಿದ್ದೇನೆ, ಯಾರೂ ಇದನ್ನು ಗ್ರೇಶಿಯಸ್ ಅಂದದ್ದು ಕೇಳಿಲ್ಲ. ಇಲ್ಲಿ ಒಂದು ಮಾಲ್ ಇದೆ, ಅದರ ಪಾರ್ಕಿಂಗ್ ಲಾಟ್ ಇದೆ. ಎಲೆ ಬಿದ್ದ ಮೇಲೆ ಒದ್ದೆಯಾಗಿ ಕೊಳೆಯುತ್ತದೆ, ನಮ್ಮ ಮುದುಕರು ಜಾರಿ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ, ಎಲೆಗಳ ಮೇಲೆ ಅವರನ್ನು ನಡೆಸುವುದು ನಮ್ಮಲ್ಲಿ ನಿಷಿದ್ಧ. ಇವರು ನನ್ನ ಊರನ್ನು ಪ್ರೀತಿಸಬೇಕಾಗಿಲ್ಲ, ನಾನೇ ಪ್ರೀತಿಸುವುದಿಲ್ಲ. ಇವರಿಗೆ ಈ ಕೆಲಸ ಯಾಕೆ ಬೇಕು, ಅದಷ್ಟೇ ನನಗೆ ಗೊತ್ತಾಗಬೇಕು. ಗುರುವಾರ ಮೂವರನ್ನೂ ಮತ್ತೆ ನೋಡುತ್ತೇನೆ. ದಯವಿಟ್ಟು ನೀವು ಇರಬೇಡಿ.

ಐ ಆಮ್ ಸಾರಿ ಅಂದೆ. ಅವರು ತಲೆಯಾಡಿಸಿದರು, ಸ್ಕ್ರೀನ್ ಕಪ್ಪಾಯಿತು. ಹೊರಗೆ ಬೆಂಚಿನ ಮೇಲೆ ರೆಹಾನಾ ಕೂತಿದ್ದಳು. ಅವಳ ಹತ್ತಿರ ಹೋಗಿ ತಪ್ಪಾಯಿತಮ್ಮ ಅಂದೆ. "ಛೋಡೋ ಮಿಸ್, ಬಿಟ್ಬಿಡಿ," ಅಂದಳು, ನನ್ನ ಮುಖ ನೋಡದೆ.

ಮೆಟ್ರೋ ಸ್ಟೇಷನ್ನಿನವರೆಗೆ ಮಹಾದೇವಿ ನನ್ನ ಜೊತೆ ನಡೆದಳು. ಸಣ್ಣ ಮಳೆ, ಒಂದೇ ಕೊಡೆ. ಪಬ್ಬುಗಳ ಮುಂದೆ ಕಾರುಗಳ ಸಾಲು. ನನಗೆ ತಡೆಯಲಾಗಲಿಲ್ಲ.

"ನಿನಗೆ ಬೇರೆ ಉತ್ತರ ಕೊಟ್ಟಿದ್ದೆನಲ್ಲ ಮಹಾದೇವಿ. ಅದನ್ನ ಹೇಳಿದ್ದರೆ ನೀನು ಗೆದ್ದುಬಿಡ್ತಿದ್ದೆ."

"ರೆಹಾನಾ ಕಳ್ಳಿ ಆಗ್ತಿದ್ಲಲ್ರಿ." ಸ್ವಲ್ಪ ದೂರ ನಡೆದ ಮೇಲೆ ಅಂದಳು, "ಮತ್ತ ಅದಾದ್ರೂ ನನ್ನ ಉತ್ತರೇನ್ರಿ ಮಿಸ್? ಅದೂ ನಿಮ್ದೇ."

ನಾನು ನಿಂತುಬಿಟ್ಟೆ. ಹಿಂದಿನಿಂದ ಬಂದ ಸ್ಕೂಟರಿನವನು ಹಾರ್ನ್ ಹೊಡೆದು ಬೈದುಕೊಂಡು ಹೋದ. ಹೌದಲ್ಲ. ಅವಳಿಗೆ ಅಂತ ಬರೆದದ್ದರಲ್ಲೂ ಅವಳು ಇರಲಿಲ್ಲ.

"ಹಾಗಾದರೆ ನಿನ್ನ ಉತ್ತರ ಏನು? ಅಲ್ಲಿಗೆ ಯಾಕೆ ಹೋಗಬೇಕು ನೀನು?"

ಎರಡು ತಿಂಗಳಲ್ಲಿ ನಾನು ಇದನ್ನು ನಿಜವಾಗಿ ಕೇಳಿದ್ದು ಅದೇ ಮೊದಲು.

"ಅಲ್ಲಿ ಎತ್ತೋ ಮಷೀನ್ ಐತ್ರಿ. ನವೀನ್ ಸರ್ ವಿಡಿಯೋದಾಗ ತೋರಿಸಿದ್ರಲ್ರಿ? ಮುದುಕ್ರಿಗೆ ಬಟ್ಟಿ ಜೋಳಿಗಿ ಕಟ್ಟಿ ಬಟನ್ ಒತ್ತಿದ್ರ ಹಾಸಿಗಿಯಿಂದ ಮ್ಯಾಲ ಏಳ್ತಾರ, ಕುರ್ಚ್ಯಾಗ ಕುಂದರ್ತಾರ. ಇಲ್ಲಿ ನಾನೇ ಮಷೀನು. ಹನ್ನೆರಡು ವರ್ಷ ಎತ್ತೀನಿ. ಸೊಂಟ ಹೋಗೇತ್ರಿ ಮಿಸ್. ಇನ್ನ ಎರಡು ವರ್ಷ, ಭಾಳ ಅಂದ್ರ ಮೂರು. ಆಮ್ಯಾಲ ನನ್ನ ಯಾರು ಎತ್ತಬೇಕು? ಅಲ್ಲಾದ್ರ ಐವತ್ತು ವಯಸ್ಸಿನ ತನಕ ದುಡೀಬೋದು. ಊರು ಹೆಂಗರ ಇರ್ಲಿ."

ಆ ವಿಡಿಯೋವನ್ನು ನಾನು ನೋಡಿರಲಿಲ್ಲ. ಮರ, ಎಲೆ ಹುಡುಕುವುದರಲ್ಲಿ ಇದ್ದೆ. ಪಬ್ಬಿನ ಬೆಳಕಿನಲ್ಲಿ ಅವಳು ನಿಂತ ರೀತಿ ನೋಡಿದೆ. ಒಂದು ಕೈ ಬೆನ್ನ ಹಿಂದೆ, ಸೊಂಟಕ್ಕೆ ಒತ್ತಿಕೊಂಡಿತ್ತು. ಎರಡು ತಿಂಗಳು ಅದನ್ನು ನಾನು ಎಲೊಕ್ಯೂಷನ್ನಿನ, ಪಾಠ ಒಪ್ಪಿಸುವ ಭಂಗಿ ಅಂದುಕೊಂಡಿದ್ದೆ.

"ಇದೇ," ಅಂದೆ. ನನ್ನ ದನಿ ನನಗೇ ಗೊತ್ತಿಲ್ಲದೆ ಕ್ಲಾಸಿನ ದನಿಯಾಗಿತ್ತು. "ಗುರುವಾರ ಇದನ್ನೇ ಹೇಳು. ಇದಕ್ಕಿಂತ ಒಳ್ಳೆ ಉತ್ತರ ಇಲ್ಲ."

"ಸೊಂಟದ ಸುದ್ದಿನೂ ಹೇಳಲೇನ್ರಿ?" ಅವಳಿಗೆ ಅನುಮಾನ.

"ಅದೇ ಮುಖ್ಯ. ಆಕೆ ನಿಜ ಕೇಳಿದ್ದಾರೆ, ನಿಜ ಹೇಳು. ನಿಜ ಹೇಳಿದವರಿಗೆ ಕೆಟ್ಟದಾಗಲ್ಲ."

ಸ್ಟೇಷನ್ನಿನ ಮೆಟ್ಟಿಲ ಕೆಳಗೆ ನಿಂತು ಅದನ್ನು ಅವಳಿಗೆ ಇಂಗ್ಲಿಷಿನಲ್ಲಿ ಮಾಡಿಕೊಟ್ಟೆ. ನನ್ನ ಬೆನ್ನಿಗೆ ಪೆಟ್ಟಾಗಿದೆ, ಹನ್ನೆರಡು ವರ್ಷ ಎತ್ತಿದ್ದರಿಂದ ಆದದ್ದು. ನಿಮ್ಮಲ್ಲಿ ಯಂತ್ರವಿದೆ, ಅದಕ್ಕೆ ಬರುತ್ತೇನೆ. ಅವಳು ಮೂರು ಸಲ ಹೇಳಿದಳು. ಮೂರನೇ ಸಲ ತಪ್ಪಿಲ್ಲದೆ ಬಂತು. ಗುಡ್ ಗರ್ಲ್ ಅಂದು ಕಾರ್ಡ್ ಒತ್ತಿ ಒಳಗೆ ಹೋದೆ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಶುಕ್ರವಾರ ನವೀನ ಫೋನ್ ಮಾಡಿದ.

"ಮಿಸ್, ಶೋಭಾ ಸೆಲೆಕ್ಟು, ರೆಹಾನಾ ಸೆಲೆಕ್ಟು. ರೆಹಾನಾ ಏನ್ ಹೇಳಿದ್ಲು ಗೊತ್ತಾ? ನಮ್ಮನೇಲಿ ಹನ್ನೊಂದು ಜನ ಮೇಡಂ, ಯಾರೂ ಇಲ್ದಿರೋ ಊರೇ ನಂಗೆ ಬೇಕು ಅಂದ್ಲಂತೆ. ಆಯಮ್ಮ ಬಿದ್ದು ಬಿದ್ದು ನಕ್ಕಿದಾರೆ."

"ಮಹಾದೇವಿ?"

"ಆಗ್ಲಿಲ್ಲ ಮಿಸ್. ಸೊಂಟ ಹೋಗಿದೆ ಅಂತ ಅವಳೇ ಹೇಳ್ಬಿಟ್ಟಿದಾಳೆ. ಆಯಮ್ಮಂಗೂ ಬೇಜಾರಾಗಿದೆ, ಆದ್ರೆ ಬೆನ್ನಿಗೆ ಪೆಟ್ಟಾಗಿರೋರನ್ನ ತಗೊಳೋ ಹಾಗಿಲ್ವಂತೆ, ಮಷೀನ್ ಇದ್ರೂ ದಿನಾ ಹೊರಳ್ಸೋದು ಬಗ್ಗೋದು ಇದ್ದೇ ಇರುತ್ತಲ್ಲ. ಕೇರ್‌ಟೇಕರ್ ಕೆಲ್ಸಕ್ಕೆ ಬಂದು ಸೊಂಟ ಹೋಗಿದೆ ಅಂತ ಯಾರಾದ್ರೂ ಹೇಳ್ತಾರಾ ಮಿಸ್? ಯಾವ ಪುಣ್ಯಾತ್ಮ ಹೇಳ್ಕೊಟ್ನೋ."

ನಾನು ಫೋನ್ ಇಟ್ಟೆ. ಹೊರಗೆ ಮಳೆ ನಿಂತು ಬಿಸಿಲು ಬಂದಿತ್ತು, ಗಲ್ಲಿಯ ಜನ ಹೊರಗೆ ಬಂದು ಮಾತಾಡುತ್ತಿದ್ದರು. ಮಹಾದೇವಿಗೆ ಗೊತ್ತಿತ್ತು. ಹೇಳಲೇನ್ರಿ ಅಂತ ಕೇಳಿದ್ದಳು. ಹನ್ನೆರಡು ವರ್ಷ ಆ ಕೆಲಸ ಮಾಡಿದವಳ ಅನುಮಾನವನ್ನು, ಒಂದು ದಿನವಾದರೂ ಯಾರನ್ನೂ ಎತ್ತದ ನಾನು ಒಂದು ಮಾತಿನಲ್ಲಿ ತಳ್ಳಿಹಾಕಿದ್ದೆ.

ಭಾನುವಾರ ಆಟೋ ಮಾಡಿಕೊಂಡು ಕಮ್ಮನಹಳ್ಳಿಗೆ ಹೋದೆ. ಅದೇ ನಾನು ಅವಳನ್ನು ಕೊನೆಯ ಸಲ ನೋಡಿದ್ದು. ಮೇನ್ ರೋಡಿನ ಅಂಗಡಿಗಳ ಹಿಂದೆ ಮೂರು ಅಂತಸ್ತಿನ ಕಟ್ಟಡ, ಹೊರಗಿನಿಂದ ಕಿರಿದಾದ ಮೆಟ್ಟಿಲು, ಎರಡನೆಯ ಮಹಡಿಯಲ್ಲಿ ಸಾಲು ರೂಮುಗಳು. ಮಹಾದೇವಿ ಬಟ್ಟೆ ಒಣಹಾಕುತ್ತಿದ್ದಳು. ನನ್ನನ್ನು ನೋಡಿ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದಳು, ಸೆರಗಿನಿಂದ ಒರೆಸಿ ಹಾಕಿದಳು. ಚಹಾ ಮಾಡಿದಳು. ನಾನು ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡು ಬಂದಿದ್ದೆ. ಒಂದೂ ಬಾಯಿಗೆ ಬರಲಿಲ್ಲ.

"ನಾನು ಹೇಳಿಕೊಟ್ಟಿದ್ದೇ ತಪ್ಪಾಯಿತು," ಅಂದೆ ಕೊನೆಗೆ.

"ನೀವು ಕಲಿಸಿದ್ದು ಒಂದಕ್ಷರ ಬಿಡಲಿಲ್ರಿ ಮಿಸ್." ಅವಳ ದನಿಯಲ್ಲಿ ಕೋಪ ಇರಲಿಲ್ಲ, ಸುಮ್ಮನೆ ಲೆಸನ್ ಒಪ್ಪಿಸಿದ ಹಾಗೆ ಇತ್ತು. ಅದನ್ನೇ ನನಗೆ ತಡೆಯಲಾಗಲಿಲ್ಲ. ಚಹಾ ಲೋಟ ಕೆಳಗಿಟ್ಟೆ.

"ಮುಂದೇನು ಮಾಡ್ತೀಯ?"

"ನವೀನ್ ಸರ್ ಇನ್ನೊಂದು ಊರಿಂದು ಹೇಳ್ಯಾರ. ದೀಪಾವಳಿ ಆದ ಮ್ಯಾಲ ಇಂಟರ್‌ವ್ಯೂ ಐತಂತ." ಲೋಟ ತೊಳೆಯುತ್ತಾ, ನನ್ನ ಕಡೆ ಬೆನ್ನು ಮಾಡಿ ಹೇಳಿದಳು, "ಈ ಸಲ ನೀವು ಬರಬ್ಯಾಡ್ರಿ ಮಿಸ್. ನಾನೇ ನೋಡ್ಕೊಂತೀನಿ."

ಸರಿ ಅಂದೆ.

ಕೆಳಗೆ ಬಿಡಲು ಅವಳೂ ಬಂದಳು. ಮೆಟ್ಟಿಲು ಪಾಚಿ ಹಿಡಿದು ಜಾರುತ್ತಿತ್ತು. ಮೂರು ಮೆಟ್ಟಿಲು ಇಳಿದಿದ್ದೆನೋ ಏನೋ, ನನ್ನ ಕಾಲು ಹೋಯಿತು. ಕುಕ್ಕರಿಸಿದ ಹಾಗೆ ಕೂತುಬಿಟ್ಟೆ, ಏಳಲು ಆಗಲಿಲ್ಲ. ಮಹಾದೇವಿ ಹಿಂದಿನಿಂದ ಬಂದು ನನ್ನ ಎರಡು ಕಂಕುಳಲ್ಲಿ ತೋಳು ತೂರಿಸಿದಳು, ತನ್ನ ಮೊಣಕಾಲು ನನ್ನ ಬೆನ್ನಿಗೆ ಆನಿಸಿದಳು. "ಗಟ್ಟಿ ಹಿಡೀಬ್ಯಾಡ್ರಿ, ಸಡಿಲ ಬಿಡ್ರಿ," ಅಂದಳು. ಮರುಕ್ಷಣ ನಾನು ನಿಂತಿದ್ದೆ. ಅರವತ್ತೆಂಟು ಕಿಲೋ ಹೆಂಗಸು ನಾನು, ನನ್ನನ್ನು ನೀರಿನಿಂದ ಕೊಡ ಎತ್ತಿದ ಹಾಗೆ ಎತ್ತಿಬಿಟ್ಟಿದ್ದಳು. ನನ್ನ ಕಿವಿಯ ಹತ್ತಿರ ಅವಳ ಉಸಿರು ಒಂದು ಸಲ ಕಟ್ಟಿತು, ಹಲ್ಲು ಕಚ್ಚಿದ ಶಬ್ದ ಕೇಳಿತು, ಆಮೇಲೆ ಮತ್ತೆ ಸರಿಯಾಯಿತು.

ಅವಳು ನನ್ನ ಮುಂದಕ್ಕೆ ಬಂದಳು. ಸೀರೆ ಸರಿಮಾಡಿಕೊಂಡು, ನೆಟ್ಟಗೆ ನಿಂತು, ನನ್ನ ಮುಖ ನೋಡಿದಳು. ಸ್ಕ್ರೀನಿನ ಮುಂದೆ ನಿಂತ ಹಾಗೆ.

"ಈಗ ಹೇಳ್ರಿ ಮಿಸ್. ಸೊಂಟದ್ದು ಏನರ ಗೊತ್ತಾತೇನು?"

"ಇಲ್ಲ," ಅಂದೆ. "ಏನೂ ಗೊತ್ತಾಗಲಿಲ್ಲ."